ವೈನ್ ಅಲ್ಲದ ವೈನ್: ಗ್ಯಾರೇಜಿನಲ್ಲಿ ಬಾರ್ಲಿ ವೈನ್ ಹೇಗೆ ತಯಾರಾಗುತ್ತೆ, ನಮ್ಮಲ್ಲಿ ಅದು ಅಪರಾಧ ಯಾಕೆ?

ಮೂರು ವರ್ಷದ ಹಿಂದೆ, ಒಂದು ಜುಲೈ ಬೆಳಗ್ಗೆ, ನನ್ನ ಹಳೇ ಹಾಸ್ಟೆಲ್ ರೂಮ್‌ಮೇಟ್ ವಾಟ್ಸ್ಯಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಅಮೆರಿಕದ ಓರೆಗಾನ್‌ನಲ್ಲಿರುವ ಅವನ ಮನೆಯ ಗ್ಯಾರೇಜು. ನೆಲದ ತುಂಬ ಕಂದು ಬಣ್ಣದ ಗಾಜಿನ ಚೂರು, ಅಂಟಂಟು ನೊರೆ. ಪಕ್ಕದಲ್ಲೇ ಅವನ ನಾಲ್ಕು ವರ್ಷದ ಮಗಳ ಸೈಕಲ್ಲು. ಕೆಳಗೆ ಒಂದೇ ಸಾಲು: ‘ರಾತ್ರಿ ಮೂರು ಬಾಟ್ಲಿ ಸಿಡಿದ್ವು ಮಗಾ. ಪುಣ್ಯಕ್ಕೆ ಯಾರೂ ಅಲ್ಲಿರಲಿಲ್ಲ.’

ಸಿಡಿದದ್ದು ಅವನೇ ಮಾಡಿದ್ದ ಬಾರ್ಲಿ ವೈನ್. ಹೆಸರಿನಲ್ಲಿ ವೈನ್ ಇದ್ದರೂ ಅದು ಬಿಯರ್. ದ್ರಾಕ್ಷಿಯ ಸುಳಿವೂ ಅದರಲ್ಲಿಲ್ಲ. ಇಬ್ಬರೂ ಮೆಕ್ಯಾನಿಕಲ್ ಓದಿದವರು. ನಾನು ಪತ್ರಿಕೋದ್ಯಮಕ್ಕೆ ಬಂದೆ, ಅವನು ಅಲ್ಲಿ ಕಂಪನಿ ಸೇರಿದ. ಆದರೂ ಏನಾದರೂ ಒಡೆದರೆ ‘ಯಾಕೆ ಒಡೀತು’ ಅಂತ ಕೇಳುವ ಚಟ ಇಬ್ಬರಿಗೂ ಹೋಗಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಜೀವಶಾಸ್ತ್ರ, ತೆರಿಗೆ, ಕಾನೂನು ಎಲ್ಲವೂ ಸಿಕ್ಕವು.

ಮೊದಲು, ಇದೇನು?

ನಮ್ಮಲ್ಲಿ ಸಿಗುವ ಸಾದಾ ಲಾಗರ್ ಬಿಯರ್‌ನಲ್ಲಿ ಶೇ. 5ರ ಆಸುಪಾಸು ಆಲ್ಕೋಹಾಲ್ ಇರುತ್ತೆ. ಬಾರ್ಲಿ ವೈನ್‌ನಲ್ಲಿ ಶೇ. 8ರಿಂದ 12. ಅಂದರೆ ದ್ರಾಕ್ಷಿ ವೈನ್‌ನ ಹತ್ತಿರ ಹತ್ತಿರ. ಹೆಸರು ಬಂದದ್ದು ಹಾಗೆ. ಇಂಗ್ಲೆಂಡಿನ ದೊಡ್ಡ ಮನೆತನಗಳಲ್ಲಿ ವಾರಸುದಾರ ಹುಟ್ಟಿದಾಗ ಇಂಥ ಗಟ್ಟಿ ಏಲ್ ಕುದಿಸಿ ಪೀಪಾಯಿಯಲ್ಲಿಟ್ಟು, ಅವನಿಗೆ 21 ತುಂಬಿದ ದಿನ ತೆಗೆಯುವ ಪದ್ಧತಿ ಇತ್ತು. 20ನೇ ಶತಮಾನದ ಆರಂಭಕ್ಕೆ ಬಾಸ್ ಕಂಪನಿ ತನ್ನ ‘ನಂ. 1’ ಏಲನ್ನು ಬಾರ್ಲಿ ವೈನ್ ಅಂತಲೇ ಮಾರುತ್ತಿತ್ತು. ಅಮೆರಿಕದಲ್ಲಿ ಇದಕ್ಕೆ ಮರುಹುಟ್ಟು ಕೊಟ್ಟದ್ದು ಸ್ಯಾನ್ ಫ್ರಾನ್ಸಿಸ್ಕೊದ ಆ್ಯಂಕರ್ ಬ್ರೂವರಿ. 1975ರಲ್ಲಿ ಅವರು ‘ಓಲ್ಡ್ ಫಾಗ್‌ಹಾರ್ನ್’ ತಯಾರಿಸಿದರು. 1983ರಲ್ಲಿ ಸಿಯೆರಾ ನೆವಾಡಾದ ‘ಬಿಗ್‌ಫುಟ್’ ಬಂತು. ಗ್ರಾಹಕರು ನಿಜವಾದ ವೈನ್ ಅಂದುಕೊಂಡಾರು ಅಂತ ಅಲ್ಲಿನ ಲೇಬಲ್ ಮೇಲೆ ‘ಬಾರ್ಲಿ ವೈನ್ ಶೈಲಿಯ ಏಲ್’ ಅಂತ ಬರೆಯುತ್ತಾರೆ.

ರಾಗಿ ಮಾಲ್ಟ್ ಗೊತ್ತಿದ್ದವರಿಗೆ ಅರ್ಧ ಗೊತ್ತು

ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿ ಮಗುವಿಗೆ ಸರಿ ಮಾಡ್ತೀವಲ್ಲ, ಅದೇ ತತ್ವ. ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವಗಳು ಹುಟ್ಟುತ್ತವೆ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದು ಅವುಗಳ ಕೆಲಸ. ಬಾರ್ಲಿಗೂ ಹೀಗೇ ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್.

ಈ ಮಾಲ್ಟನ್ನು ನುಚ್ಚು ಮಾಡಿ, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ ಸಿಹಿ ರಸ ಸಿಗುತ್ತೆ. ಅದಕ್ಕೆ ವರ್ಟ್ ಅಂತ ಹೆಸರು. ಗೆಳೆಯನ ಅಮ್ಮ ದಾವಣಗೆರೆಯಿಂದ ಅಲ್ಲಿಗೆ ಹೋಗಿದ್ದಾಗ ಒಂದು ಚಮಚ ರುಚಿ ನೋಡಿ, ‘ಇದು ನಮ್ಮ ಮಾಲ್ಟ್ ಗಂಜಿ ಥರಾನೇ ಐತಲ್ಲೋ’ ಅಂದರಂತೆ. ಆ ಹಂತದಲ್ಲಿ ಅದರಲ್ಲಿ ಒಂದು ಹನಿ ಆಲ್ಕೋಹಾಲೂ ಇಲ್ಲ, ಅಮ್ಮ ಹೇಳಿದ್ದು ಸರಿಯೇ.

ಬಾರ್ಲಿ ವೈನ್‌ಗೆ ಬೇಕಾದದ್ದು ತುಂಬ ಗಟ್ಟಿ ವರ್ಟ್. 19 ಲೀಟರ್ ಸಾದಾ ಏಲ್‌ಗೆ ನಾಲ್ಕು, ನಾಲ್ಕೂವರೆ ಕಿಲೊ ಮಾಲ್ಟ್ ಸಾಕು. ಅಷ್ಟೇ ಬಾರ್ಲಿ ವೈನ್‌ಗೆ ಹತ್ತು ಕಿಲೊ. ಆಲ್ಕೋಹಾಲ್ ಎರಡು ಪಟ್ಟು ಬೇಕಿದ್ದರೆ ಮಾಲ್ಟ್ ಎರಡು ಪಟ್ಟಿಗಿಂತ ಹೆಚ್ಚು ಯಾಕೆ? ತೆಂಗಿನಕಾಯಿ ಹಾಲು ಹಿಂಡಿದವರಿಗೆ ಗೊತ್ತು: ಮೊದಲ ಹಾಲು ಗಟ್ಟಿ, ಎರಡನೆಯದು ತೆಳು. ಬಾರ್ಲಿ ವೈನ್‌ಗೆ ಬಹುತೇಕ ಮೊದಲ ಹಾಲನ್ನೇ ಬಳಸಬೇಕು, ಕಾಳಿನಲ್ಲಿ ಒಂದಷ್ಟು ಸಕ್ಕರೆ ಉಳಿದೇ ಹೋಗುತ್ತೆ. ಹಳೇ ಇಂಗ್ಲಿಷ್ ಬ್ರೂವರ್‌ಗಳು ಅದನ್ನು ಚೆಲ್ಲುತ್ತಿರಲಿಲ್ಲ. ಅದೇ ಕಾಳಿಗೆ ಮತ್ತೆ ನೀರು ಹೊಯ್ದು ದಿನಬಳಕೆಯ ತೆಳು ಬಿಯರ್ ಮಾಡುತ್ತಿದ್ದರು.

ಆಮೇಲೆ ಕುದಿತ. ಸಾದಾ ಬಿಯರ್‌ಗೆ ಒಂದು ಗಂಟೆ, ಇದಕ್ಕೆ ಎರಡು ಅಥವಾ ಇನ್ನೂ ಹೆಚ್ಚು. ನೀರು ಆವಿಯಾಗಿ ರಸ ಇನ್ನಷ್ಟು ಗಟ್ಟಿಯಾಗುತ್ತೆ, ಬಣ್ಣ ಕೆಂಪಗೆ ತಿರುಗುತ್ತೆ. ಸಿಹಿ ಮುಖಕ್ಕೆ ಹೊಡೆಯದಿರಲು ಹಾಪ್ಸ್ ಎಂಬ ಹೂವಿನ ಕಹಿಯನ್ನೂ ಧಾರಾಳವಾಗಿ ಹಾಕಬೇಕು. ಇಂಗ್ಲಿಷ್ ಶೈಲಿಯಲ್ಲಿ ಕಹಿ ಹದವಾಗಿರುತ್ತೆ, ಅಮೆರಿಕನ್ನರದ್ದು ನಾಲಿಗೆ ಚುರುಗುಟ್ಟಿಸುವಷ್ಟು.

ಯೀಸ್ಟ್ ಎಂಬ ಕೂಲಿಯಾಳು

ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ನೋಡಿರ್ತೀರಿ. ಅದರ ಅಣ್ಣತಮ್ಮನೇ ಹೈಡ್ರೋಮೀಟರ್. ನೀರಿನಲ್ಲಿ ಅದು 1.000 ತೋರಿಸಿದರೆ, ಬಾರ್ಲಿ ವೈನ್‌ನ ವರ್ಟ್‌ನಲ್ಲಿ 1.100ರ ಸುತ್ತಮುತ್ತ. ಅಂದರೆ ರಸದ ತೂಕದಲ್ಲಿ ಕಾಲುಭಾಗಕ್ಕೆ ಹತ್ತಿರದಷ್ಟು ಕಾಳಿನಿಂದ ಬಂದ ಸಕ್ಕರೆ ಅಂಶ.

ಇಂಥ ಪಾಕದೊಳಗೆ ಯೀಸ್ಟ್ ಕೋಶ ಹಾಕಿದರೆ ಏನಾಗುತ್ತೆ? ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ಹೋಳು ನೀರು ಬಿಡುವ ಹಾಗೆ, ಕೋಶದೊಳಗಿನ ನೀರು ಹೊರಗೆ ಎಳೆಯಲ್ಪಡುತ್ತೆ. ಕೆಲಸ ಶುರುವಾಗುವ ಮೊದಲೇ ಕೂಲಿಯಾಳು ಸುಸ್ತು. ಆಮೇಲೆ ತಾನೇ ತಯಾರಿಸಿದ ಆಲ್ಕೋಹಾಲ್ ಅವನಿಗೇ ವಿಷವಾಗುತ್ತಾ ಹೋಗುತ್ತೆ. ಅದನ್ನು ತಾಳಿಕೊಳ್ಳಲು ಕೋಶದ ಪೊರೆ ಗಟ್ಟಿಯಿರಬೇಕು, ಪೊರೆ ಗಟ್ಟಿಯಾಗಲು ಆರಂಭದಲ್ಲಿ ಆಮ್ಲಜನಕ ಬೇಕು. ಹಾಗಾಗಿ ನಿಯಮ ಮೂರು: ಯೀಸ್ಟ್ ಸಾಮಾನ್ಯಕ್ಕಿಂತ ಎರಡು ಪಟ್ಟೋ ಮೂರು ಪಟ್ಟೋ ಇರಲಿ, ತಣಿದ ವರ್ಟ್‌ಗೆ ಚೆನ್ನಾಗಿ ಗಾಳಿ ಕೊಡಿ, ಉಷ್ಣತೆ 18ರಿಂದ 20 ಡಿಗ್ರಿ ದಾಟದಿರಲಿ. ಹುದುಗುವಿಕೆ ತಾನೇ ಬಿಸಿ ಹುಟ್ಟಿಸುತ್ತೆ. ಬಿಟ್ಟರೆ ಪೇಂಟ್ ತಿನ್ನರ್ ಥರದ ಘಾಟು ಬರುತ್ತೆ.

ಗೆಳೆಯ ಮೊದಲ ಸಲ ಮೂರನ್ನೂ ಮುರಿದಿದ್ದ. ಸಾದಾ ಬಿಯರ್‌ಗೆ ಹಾಕುವ ಒಂದೇ ಪೊಟ್ಟಣ ಯೀಸ್ಟ್ ಹಾಕಿದ, ಗಾಳಿ ಕೊಡಲಿಲ್ಲ, ಉಷ್ಣತೆ ನೋಡಲಿಲ್ಲ. ಎರಡು ವಾರಕ್ಕೆ ಗುಳ್ಳೆ ನಿಂತಿತು. ಮುಗೀತು ಅಂದುಕೊಂಡು, ಹೈಡ್ರೋಮೀಟರ್ ಇಳಿಸದೆ, ಬಾಟಲಿಗೆ ತುಂಬಿ ಮುಚ್ಚಳ ಒತ್ತಿದ. ಯೀಸ್ಟ್ ಸತ್ತಿರಲಿಲ್ಲ, ದಣಿದು ಮಲಗಿತ್ತು ಅಷ್ಟೆ. ಬೇಸಿಗೆಯ ಬಿಸಿಗೆ ಎಚ್ಚೆತ್ತು, ಉಳಿದ ಸಕ್ಕರೆ ತಿನ್ನತೊಡಗಿತು. ಮುಚ್ಚಿದ ಬಾಟಲಿಯಲ್ಲಿ ಇಂಗಾಲದ ಡೈಆಕ್ಸೈಡ್‌ಗೆ ಹೋಗಲು ಜಾಗವೆಲ್ಲಿ? ಉಳಿದ ಬಾಟಲಿಗಳನ್ನು ಅವನು ದಪ್ಪ ಜಾಕೆಟ್ಟು, ಕನ್ನಡಕ ಹಾಕಿಕೊಂಡು ಒಂದೊಂದಾಗಿ ತೆರೆದು ಮೋರಿಗೆ ಸುರಿದ.

ಆ ಚಳಿಗಾಲಕ್ಕೆ ಮಗ ಹುಟ್ಟುವವನಿದ್ದ. ಎರಡನೇ ಸಲ ಸೆಪ್ಟೆಂಬರ್‌ನಲ್ಲಿ ಮೊದಲು ಒಂದು ತೆಳು ಏಲ್ ಮಾಡಿ, ಅದರ ತಳದಲ್ಲಿ ಕೂತ ಯೀಸ್ಟ್ ಗಸಿಯ ಮೇಲೆ ಬಾರ್ಲಿ ವೈನ್‌ನ ವರ್ಟ್ ಸುರಿದ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಈ ಸಲ 1.100 ಇದ್ದದ್ದು 1.025ಕ್ಕೆ ಇಳಿದು, ಹಲವು ದಿನ ಅಲ್ಲೇ ನಿಂತಿತು. ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಸರಿಸುಮಾರು ಆಲ್ಕೋಹಾಲ್ ಪ್ರಮಾಣ ಸಿಗುತ್ತೆ: ಶೇ. 9.8. ಆಮೇಲೂ ತಿಂಗಳುಗಟ್ಟಲೆ ಕಾಯಬೇಕು. ಹೊಸತರಲ್ಲಿ ಇದು ಗಂಟಲು ಸುಡುವ ಸಿಹಿ-ಕಹಿ ಕಷಾಯ. ವರ್ಷ ಕಳೆದಂತೆ ಹಾಪ್ಸ್ ಕಹಿ ಮೆತ್ತಗಾಗಿ, ಖರ್ಜೂರ, ಒಣದ್ರಾಕ್ಷಿ, ಸುಟ್ಟ ಬೆಲ್ಲದ ಪರಿಮಳ ಬರುತ್ತೆ.

ಕಳೆದ ವರ್ಷ ಊರಿಗೆ ಬಂದಾಗ ಕಸ್ಟಮ್ಸ್ ಮಿತಿಯೊಳಗೆ ಎರಡು ಬಾಟಲಿ ತಂದಿದ್ದ. ಒಂದನ್ನು ಇಬ್ಬರೂ ಹಂಚಿಕೊಂಡು ಒಂದೂವರೆ ಗಂಟೆ ಕುಡಿದೆವು. ಅದಕ್ಕಿಂತ ಬೇಗ ಕುಡಿಯಬಾರದು ಕೂಡ. ಲೆಕ್ಕ ನೋಡಿ: ಶೇ. 10ರ 330 ಎಂಎಲ್ ಬಾಟಲಿಯಲ್ಲಿ 33 ಎಂಎಲ್ ಶುದ್ಧ ಆಲ್ಕೋಹಾಲ್. ಒಂದು ಲಾರ್ಜ್ ವಿಸ್ಕಿಯಲ್ಲಿ ಇರೋದು ಸುಮಾರು 26. ‘ಬಿಯರ್ ತಾನೇ’ ಅಂತ ಕುಡಿದವರು ಕೆಡುವುದು ಇಲ್ಲೇ.

ಅದೇ ಪಾತ್ರೆ, ಎರಡು ಕಾನೂನು

ಹೈಡ್ರೋಮೀಟರ್ ಬ್ರೂವರ್‌ಗೆ ಎಷ್ಟು ಬೇಕೋ ಸರ್ಕಾರಕ್ಕೂ ಅಷ್ಟೇ ಬೇಕಿತ್ತು. ಬ್ರಿಟನ್ನಿನಲ್ಲಿ 1880ರಲ್ಲಿ ಗ್ಲಾಡ್‌ಸ್ಟನ್ ಮಾಲ್ಟ್ ಮೇಲಿನ ತೆರಿಗೆ ತೆಗೆದು, ವರ್ಟ್‌ನ ಸಾಂದ್ರತೆ ಅಳೆದು ತೆರಿಗೆ ಹಾಕುವ ಪದ್ಧತಿ ತಂದರು. ಗಟ್ಟಿ ಬಿಯರ್‌ಗೆ ಹೆಚ್ಚು ತೆರಿಗೆ. ಮನೆಯಲ್ಲಿ ಮಾಡುವವರೂ ಲೈಸೆನ್ಸ್ ತಗೋಬೇಕಾಯಿತು. ಅದನ್ನು ತೆಗೆದದ್ದು 1963ರಲ್ಲಿ, ರೆಜಿನಾಲ್ಡ್ ಮಾಡ್ಲಿಂಗ್ ಹಣಕಾಸು ಸಚಿವರಾಗಿದ್ದಾಗ.

ಅಮೆರಿಕದ ಕಥೆ ಇನ್ನೂ ವಿಚಿತ್ರ. 1933ರಲ್ಲಿ ಪಾನನಿಷೇಧ ಹೋದಾಗ ಮನೆಯ ವೈನ್‌ಗೆ ಅನುಮತಿ ಸಿಕ್ಕಿತು, ಮನೆಯ ಬಿಯರ್‌ಗೆ ಸಿಗಲಿಲ್ಲ. 1978ರ ಅಕ್ಟೋಬರ್‌ನಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಅದನ್ನು ಸರಿಪಡಿಸಿತು: ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ತೆರಿಗೆಯಿಲ್ಲದೆ ತಯಾರಿಸಬಹುದು. ಮಾರುವಂತಿಲ್ಲ. ಕೊನೆಯ ಎರಡು ರಾಜ್ಯಗಳಾದ ಮಿಸಿಸಿಪ್ಪಿ, ಅಲಬಾಮಾ ಒಪ್ಪಿಕೊಂಡದ್ದು 2013ರಲ್ಲಿ. ಮನೆಯಲ್ಲಿ ಕಲಿತ ಅನೇಕರು ಮುಂದೆ ಸಣ್ಣ ಬ್ರೂವರಿಗಳನ್ನು ಕಟ್ಟಿದರು.

ನಮ್ಮಲ್ಲಿ? ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ ಲೈಸೆನ್ಸ್ ಇದೆ. ಮನೆಯ ಅಡುಗೆಕೋಣೆಗೆ ಅಂಥದ್ದೊಂದಿಲ್ಲ. ಗೆಳೆಯ ಓರೆಗಾನ್‌ನಲ್ಲಿ ಮಾಡಿದ್ದನ್ನೇ ದಾವಣಗೆರೆಯಲ್ಲಿ ಮಾಡಿದ್ದರೆ ಕೇಸು. ಹಾಗಾಗಿ ಇದು ‘ಮಾಡಿ ನೋಡಿ’ ಅಂಕಣ ಅಲ್ಲ.

ಈ ಕಟ್ಟುನಿಟ್ಟಿಗೆ ಕಾರಣ ಇಲ್ಲದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಬಡವರು. ಆದರೆ ಅಲ್ಲಿ ಕೊಂದದ್ದು ಮಿಥೈಲ್ ಆಲ್ಕೋಹಾಲ್ ಬೆರೆತ ಸಾರಾಯಿ. ಕಾಳು ಹುದುಗಿಸಿದರೆ ಆ ಪ್ರಮಾಣದ ವಿಷ ಹುಟ್ಟೋದಿಲ್ಲ. ಬಟ್ಟಿ ಇಳಿಸುವುದು, ಕಲಬೆರಕೆ ಮಾಡಿ ಮಾರುವುದು ಒಂದು. ಹುದುಗಿಸಿ ಮನೆಮಂದಿ ಕುಡಿಯುವುದು ಇನ್ನೊಂದು. ಬ್ರಿಟನ್, ಅಮೆರಿಕದ ಕಾನೂನು ಈ ಗೆರೆ ಎಳೆದಿದೆ. ಅಮೆರಿಕದಲ್ಲಿ ಮನೆಯಲ್ಲಿ ಬಟ್ಟಿ ಇಳಿಸುವುದಕ್ಕೆ ಈ ವಿನಾಯಿತಿ ಇಲ್ಲ. ನಮ್ಮ ಕಾನೂನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೆ.

ಇನ್ನೊಂದು ಕಾರಣ ದುಡ್ಡು. 2025-26ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. 2007ರಲ್ಲಿ ಸಾರಾಯಿ ನಿಷೇಧಿಸಿದ ರಾಜ್ಯವೇ ಬಾಟಲಿ ಮದ್ಯ ಮಾರಿ ಖಜಾನೆ ತುಂಬಿಸಿಕೊಳ್ಳುತ್ತೆ. ಜನ ಕುಡಿಯಬಾರದು ಅನ್ನೋದು ಅದರ ಕಾಳಜಿ ಆಗಿದ್ದರೆ ಈ ಗುರಿ ವರ್ಷ ವರ್ಷ ಏರುತ್ತಿರಲಿಲ್ಲ.

ಕುಡಿತದಿಂದ ಹಾಳಾದ ಮನೆಗಳನ್ನು ನಾನೂ ನೋಡಿದ್ದೇನೆ, ನೀವೂ ನೋಡಿದ್ದೀರಿ. ಅದಕ್ಕೇ ನಾಳೆಯೇ ಎಲ್ಲರಿಗೂ ಬಿಡಿ ಅಂತ ನಾನು ಹೇಳ್ತಿಲ್ಲ. ಹತ್ತು ಕಿಲೊ ಕಾಳು, ಇಡೀ ಒಂದು ದಿನದ ದುಡಿಮೆ, ಒಂದು ವರ್ಷದ ಕಾಯುವಿಕೆ ಬೇಡುವ ಪಾನೀಯದಿಂದ ಯಾರೂ ಕುಡುಕರಾಗೋದು ಕಷ್ಟ ಅನ್ನೋದಂತೂ ನಿಜ. ಕಾನೂನು ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಅಂತ ಬಿಡಿಸಿ ಯೋಚಿಸುವ ಚರ್ಚೆಯಾದರೂ ನಮ್ಮ ಸದನದಲ್ಲಿ ಆಗಬೇಕಲ್ಲವೇ?

ಗೆಳೆಯನ ಗ್ಯಾರೇಜಿನಲ್ಲಿ ಈಗ ಬೀಗ ಇರುವ ಕಪಾಟಿದೆ. ಅದರಲ್ಲಿ ಹನ್ನೆರಡು ಬಾಟಲಿ, ಪ್ರತಿಯೊಂದರ ಮೇಲೂ ಮಗ ಹುಟ್ಟಿದ ತಾರೀಕು. ಅವನಿಗೆ 21 ತುಂಬಿದ ಮೇಲೆ ತೆಗೆಯಬೇಕಂತೆ. ಅಷ್ಟು ವರ್ಷ ಅದು ಕೆಡದೆ ಇರುತ್ತಾ ಅಂತ ಕೇಳಿದೆ. ‘ಇರಬಹುದು, ಇಲ್ಲದೆಯೂ ಇರಬಹುದು. ಈ ಸಲ ಅಳೆದು ಮುಚ್ಚಿದ್ದೀನಿ ಮಗಾ’ ಅಂದ.