ಗುಜರಿ ಬಸ್ಸಿಗೊಂದು ಮರುಹುಟ್ಟು

ನಂಜನಗೂಡಿನ ದೊಡ್ಡಜಾತ್ರೆಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದ ರೈತಾಪಿ ಕುಟುಂಬಗಳಿಗೆ ಹಿಂದೆ ಆ ಕಮಾನು ಗಾಡಿಯೇ ಇರುಳಿನ ಮನೆ. ಇಂದು ಗಾಲಿಯ ಮೇಲಿನ ಮನೆಯೆಂದರೆ ಉಳ್ಳವರ ಕ್ಯಾರವಾನ್ ನೆನಪಾಗುತ್ತದೆ. ಹಳೆಯ ಶಾಲಾ ಬಸ್ಸಿನೊಳಗೆ ಮಂಚ, ಒಲೆ, ನೀರಿನ ತೊಟ್ಟಿ ಕೂರಿಸುವುದು ಬಡಗಿಗೆ ಕಷ್ಟವಲ್ಲ. ಆದರೆ ವಾಹನದ ಮೂಲ ಸ್ವರೂಪ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.

ರಸ್ತೆಗಿಳಿಯದೆ ನಿಂತಲ್ಲೇ ಬಳಕೆಯಾಗುವ ಬಸ್ಸಿಗೆ ಈ ತೊಡಕು ಅಷ್ಟಾಗಿ ಕಾಡದು. 2020ರಲ್ಲಿ ಕೆಎಸ್‌ಆರ್‌ಟಿಸಿಯು ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಗುಜರಿ ಸೇರಬೇಕಿದ್ದ ಬಸ್ಸನ್ನು ಮಹಿಳೆಯರ ಶೌಚಾಲಯವಾಗಿ ಪರಿವರ್ತಿಸಿತು. ಮಗುವಿಗೆ ಹಾಲೂಡಿಸಲೂ ಅದರಲ್ಲಿ ಸ್ಥಳವಿತ್ತು.

ಕಾವೇರಿ–ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳ 2025ರ ಫೆಬ್ರುವರಿಯಲ್ಲೂ ನಡೆಯಿತು. ಇಂಥ ಮೇಳಗಳಲ್ಲಿ ಮಿಂದು ಬಂದ ಹೆಂಗಸರಿಗೆ ಸೀರೆ ಬದಲಿಸಲು ಮರೆ ಬೇಕು. ಮುದುಕರಿಗೆ ಮೈಚಾಚಲು ಸೂರು ಬೇಕು. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಹೀಗೆ ಬದಿಗೆ ಸರಿಯುವ ಬಸ್ಸುಗಳಲ್ಲಿ ನಾಲ್ಕಾದರೂ ನರಸೀಪುರದ ಸಂಗಮದಲ್ಲಿ, ನಂಜನಗೂಡಿನ ಕಪಿಲೆಯ ದಡದಲ್ಲಿ ನಿಲ್ಲಲಿ. ವಿಹಾರಿಗಳ ಮನೆಯಾಗುವ ಮುನ್ನ ಹಳೆಯ ಬಸ್ಸು ಯಾತ್ರಿಕರ ಮಾನ ಕಾಯಲಿ.