ಸುಂಕದ ಕಟ್ಟೆಯನ್ನು ದಾಟುವ ಬಗೆ

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಎಂಬ ಗಾದೆಯನ್ನು ನಮ್ಮ ನಾಡಿನಲ್ಲಿ ಕೇಳದವರು ವಿರಳ. ಹೇರೆತ್ತುಗಳನ್ನು ಹೊಡೆದುಕೊಂಡು ಊರಿಂದೂರಿಗೆ ತಿರುಗುತ್ತಿದ್ದ ವರ್ತಕರ ಬಾಯಲ್ಲಿ ಹುಟ್ಟಿದ ಮಾತು ಇದಾಗಿರಬೇಕು. ನಮ್ಮ ಶಾಸನಗಳಲ್ಲಿ ಹೆಜ್ಜುಂಕ, ಕಿರುಕುಳ ಎಂದು ಎರಡು ಬಗೆಯ ಸುಂಕಗಳ ಹೆಸರು ಬರುತ್ತವೆ. ಮೊದಲನೆಯದು ದೊಡ್ಡ ಸರಕಿನ ಮೇಲಿನದು, ಎರಡನೆಯದು ಚಿಲ್ಲರೆ ಸರಕಿನದು. ಎರಡನೆಯ ಪದಕ್ಕೆ ಇಂದು ಯಾವ ಅರ್ಥ ಬಂದಿದೆಯೆಂಬುದನ್ನು ನಾನು ಬಿಡಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ.

ಈ ಕಟ್ಟೆಯಲ್ಲಿ ನಡೆಯುವ ವ್ಯವಹಾರವು ಬಹಳ ಪ್ರಾಚೀನವಾದುದು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನ ವಿಷಯವಾಗಿ ಒಂದು ಅಧ್ಯಾಯವೇ ಇದೆ. ಊರಬಾಗಿಲ ಬಳಿ ಧ್ವಜವನ್ನೆತ್ತಿ ಕುಳಿತ ನಾಲ್ಕೈದು ಮಂದಿ ಕರಣಿಕರು, ಬಂದ ವರ್ತಕರು ಯಾರು, ಎಲ್ಲಿಂದ ಬಂದವರು, ಎಷ್ಟು ಸರಕು ತಂದಿದ್ದಾರೆ, ಅದಕ್ಕೆ ಗುರುತಿನ ಮುದ್ರೆ ಎಲ್ಲಿ ಬಿದ್ದಿತು ಎಂಬ ವಿಚಾರಗಳನ್ನು ಬರೆದುಕೊಳ್ಳತಕ್ಕದ್ದೆಂದು ಅಲ್ಲಿ ವಿಧಿಸಿದೆ. ಮುದ್ರೆಯಿಲ್ಲದ ಸರಕಿಗೆ ಇಮ್ಮಡಿ ಸುಂಕ. ಕಳ್ಳಮುದ್ರೆಗೆ ಎಂಟು ಮಡಿ ದಂಡ. ಇಂದು ನಮ್ಮ ದೇಶದ ಬಂದರುಗಳಲ್ಲಿ ಆಮದುದಾರನು ಸಲ್ಲಿಸುವ "ಬಿಲ್ ಆಫ್ ಎಂಟ್ರಿ" ಎಂಬ ಪತ್ರವನ್ನು ಓದಿದರೆ, ಅದರ ಅಂಕಣಗಳಲ್ಲಿ ಇರುವುದು ಬಹುಮಟ್ಟಿಗೆ ಇವೇ ಪ್ರಶ್ನೆಗಳು. ಓಲೆಗರಿಯ ಸ್ಥಾನದಲ್ಲಿ ಕಾಗದ ಬಂದಿತು. ಕಾಗದದ ಸ್ಥಾನದಲ್ಲಿ ಈಗ ಐಸ್‌ಗೇಟ್ ಎಂಬ ಗಣಕಯಂತ್ರದ ದ್ವಾರ ಬಂದಿದೆ.

ದಾರಿ ತಿಳಿಯುವುದಕ್ಕೆ ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಯೊಂದನ್ನು ನಡೆಸುವ ಗೃಹಸ್ಥರೊಬ್ಬರು ಜಪಾನಿನಿಂದ ಒಂದು ಲೇತ್ ಯಂತ್ರವನ್ನು ತರಿಸುತ್ತಾರೆ. ಯಂತ್ರವು ಕಂಟೇನರಿನಲ್ಲಿ ಚೆನ್ನೈ ಬಂದರಿಗೆ ಬಂದು ಇಳಿಯುತ್ತದೆ. ಅಥವಾ ಅಲ್ಲಿಂದ ರೈಲಿನಲ್ಲಿ ವೈಟ್‌ಫೀಲ್ಡಿನ ಒಳನಾಡು ಕಂಟೇನರು ಡಿಪೋಗೆ ಬಂದು ಅಲ್ಲಿಯೇ ಸುಂಕದ ವಿಧಿಗಳನ್ನು ಮುಗಿಸಿಕೊಳ್ಳಬಹುದು. ಯಂತ್ರ ಬರುವುದಕ್ಕೆ ಮುಂಚೆಯೇ ಅದರ ಕಾಗದಗಳು ಬರಬೇಕು. ಮಾರಿದವನು ಬರೆದ ಇನ್‌ವಾಯ್ಸು, ಯಾವ ಪೆಟ್ಟಿಗೆಯಲ್ಲಿ ಏನಿದೆಯೆಂಬ ಪಟ್ಟಿ, ವಿಮೆಯ ಪತ್ರ, ಹಡಗಿನವರು ಕೊಟ್ಟ ಬಿಲ್ ಆಫ್ ಲೇಡಿಂಗ್, ಇವು ಮುಖ್ಯವಾದವು. ಇವುಗಳಲ್ಲಿ ಕಡೆಯದು ಕೇವಲ ರಸೀದಿಯಲ್ಲ. ಅದು ಯಾರ ಕೈಯಲ್ಲಿರುವುದೋ ಅವರಿಗೆ ಸರಕನ್ನು ಕೇಳುವ ಹಕ್ಕುಂಟು. ಆದುದರಿಂದಲೇ ಹಣ ಸಲ್ಲುವವರೆಗೆ ಬ್ಯಾಂಕಿನವರು ಅದನ್ನು ಭದ್ರವಾಗಿ ಹಿಡಿದಿಟ್ಟುಕೊಳ್ಳುತ್ತಾರೆ.

ಹಡಗಿನ ಕಡೆಯವರು ತಮ್ಮ ಹಡಗಿನಲ್ಲಿ ಏನೇನು ಬಂದಿದೆಯೆಂಬ ಸಮಗ್ರ ಪಟ್ಟಿಯನ್ನು ಬೇರೆಯಾಗಿ ಸುಂಕದ ಕಚೇರಿಗೆ ಒಪ್ಪಿಸುತ್ತಾರೆ. ನಮ್ಮ ಗೃಹಸ್ಥರು ಸಲ್ಲಿಸುವ ಬಿಲ್ಲು ಆ ಪಟ್ಟಿಯ ಒಂದು ಸಾಲಿಗೆ ಸರಿಯಾಗಿ ಹೊಂದಬೇಕು. ಪೆಟ್ಟಿಗೆಗಳ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ ಯಂತ್ರವು ಅಂಗಳದಲ್ಲಿ ನಿಲ್ಲುತ್ತದೆ.

ಬಿಲ್ಲನ್ನು ಸಲ್ಲಿಸುವ ಕೆಲಸವನ್ನು ಸಾಮಾನ್ಯವಾಗಿ ಪರವಾನೆ ಪಡೆದ ಕಸ್ಟಮ್ಸ್ ಬ್ರೋಕರು ಮಾಡುತ್ತಾರೆ. ಜನರು ಇವರನ್ನು ಇಂದಿಗೂ ಕ್ಲಿಯರಿಂಗ್ ಏಜೆಂಟರೆಂದೇ ಕರೆಯುವುದುಂಟು. ಬರೆಯುವವರು ಅವರಾದರೂ, ಬರೆದದ್ದು ಸತ್ಯವೆಂಬ ಹೇಳಿಕೆ ಆಮದುದಾರನದು. 1962ರ ಕಸ್ಟಮ್ಸ್ ಕಾಯಿದೆಯ 46ನೆಯ ಪ್ರಕರಣ ಈ ಭಾರವನ್ನು ಅವನ ಮೇಲೆ ಹೊರಿಸಿದೆ. ಈ ಕಾಯಿದೆ 1878ರ ಸಮುದ್ರ ಸುಂಕದ ಕಾಯಿದೆಯನ್ನು ತೆಗೆದುಹಾಕಿ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಿತು. ಏಜೆಂಟರ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದಿರುವವರು ಈ ಒಂದಂಶವನ್ನು ಮರೆಯದಿರುವುದು ಲೇಸು.

ಬಿಲ್ಲಿನಲ್ಲಿ ಮೂರು ಬಗೆ. ಸರಕನ್ನು ನೇರವಾಗಿ ಬಳಕೆಗೆ ಬಿಡಿಸಿಕೊಳ್ಳುವುದು ಒಂದು. ಸುಂಕವನ್ನು ಮುಂದೂಡಿ ಸರ್ಕಾರದ ಮೇಲ್ವಿಚಾರಣೆಯುಳ್ಳ ದಾಸ್ತಾನು ಮಳಿಗೆಗೆ ಸೇರಿಸುವುದು ಎರಡನೆಯದು. ಆ ಮಳಿಗೆಯಿಂದ ಸುಂಕ ತೆತ್ತು ಹೊರಗೆ ತರುವುದು ಮೂರನೆಯದು. ಕಾಗದದ ಕಾಲದಲ್ಲಿ ಇವು ಕ್ರಮವಾಗಿ ಬಿಳಿ, ಹಳದಿ, ಹಸುರು ಬಣ್ಣದವು. ಕೈಯಲ್ಲಿ ಹಣ ಸಾಲದ ವರ್ತಕನಿಗೆ ಹಳದಿಯ ಬಿಲ್ಲು ದೊಡ್ಡ ಅನುಕೂಲ. ಆದರೆ ತೊಂಬತ್ತು ದಿನಗಳು ಕಳೆದ ಮೇಲೆ ಸಾಮಾನ್ಯವಾಗಿ ಬಡ್ಡಿ ಏರತೊಡಗುವುದು.

ಇನ್ನು ಬಿಲ್ಲಿನ ಹೃದಯಕ್ಕೆ ಬರೋಣ. ಅದು ಸರಕಿನ ಹೆಸರು. ಮಾರುಕಟ್ಟೆಯ ಹೆಸರಲ್ಲ, ಸುಂಕದ ಪಟ್ಟಿಯಲ್ಲಿ ಅದಕ್ಕಿರುವ ಎಂಟಂಕಿಯ ಸಂಖ್ಯೆ. ಇವುಗಳಲ್ಲಿ ಮೊದಲ ಆರು ಅಂಕಿಗಳು 1988ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಪದ್ಧತಿಯವು. ಉಳಿದ ಎರಡು ನಮ್ಮ ದೇಶದವು. ಇದೇನು ಗುಮಾಸ್ತರ ಕೆಲಸವೆಂದು ಉದಾಸೀನ ಮಾಡಬಾರದು. ಸುಂಕದ ದರ, ಪರವಾನೆ ಬೇಕೋ ಬೇಡವೋ ಎಂಬುದು, ವಿನಾಯಿತಿಯ ಹಕ್ಕು, ಎಲ್ಲವೂ ಈ ಸಂಖ್ಯೆಯನ್ನು ಹಿಡಿದು ಬರುತ್ತವೆ. ಇದೇ ಮಾದರಿಯ ಪಟ್ಟಿಯನ್ನು ಅನುಸರಿಸಿದ ಒಳನಾಡಿನ ಅಬಕಾರಿ ಸುಂಕದಲ್ಲಿ ಸಣ್ಣ ಸೀಸೆಯ ತೆಂಗಿನೆಣ್ಣೆ ಅಡುಗೆಯ ಎಣ್ಣೆಯೋ ತಲೆಗೆ ಹಚ್ಚುವ ಎಣ್ಣೆಯೋ ಎಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2018ರಲ್ಲಿ ಇಬ್ಬರು ನ್ಯಾಯಾಧೀಶರಲ್ಲಿ ಒಮ್ಮತ ಬರಲಿಲ್ಲ. 2024ರ ಡಿಸೆಂಬರಿನಲ್ಲಿ, ಕೇಶತೈಲಕ್ಕೆ ಹೇಳಿದ ನಿಬಂಧನೆಗಳಿಗೆ ಸೀಸೆ ಒಳಪಡದಿದ್ದರೆ ಅದು ಖಾದ್ಯತೈಲವೇ ಎಂದು ತೀರ್ಮಾನವಾಯಿತು. ಕರಾವಳಿಯ ಗೃಹಿಣಿಯೊಬ್ಬಳನ್ನು ಕೇಳಿದ್ದರೆ ಎರಡೂ ಹೌದೆಂದು ಹೇಳುತ್ತಿದ್ದಳು. ಆದರೆ ಸುಂಕದ ಪಟ್ಟಿಗೆ ಆ ಉತ್ತರ ಒಪ್ಪುವುದಿಲ್ಲ.

ಹೆಸರಾದ ಮೇಲೆ ಬೆಲೆ. ಸರಕಿನ ಕ್ರಯಕ್ಕೆ ಹಡಗಿನ ಬಾಡಿಗೆಯನ್ನೂ ವಿಮೆಯ ವೆಚ್ಚವನ್ನೂ ಸೇರಿಸಿ, ಸರ್ಕಾರ ಪ್ರಕಟಿಸಿದ ವಿನಿಮಯದ ದರದಿಂದ ರೂಪಾಯಿಗೆ ತಿರುಗಿಸಬೇಕು. ಹಾಗೆ ಬಂದ ಮೊತ್ತ 10,00,000 ರೂಪಾಯಿ ಎಂದೂ, ಮೂಲ ಸುಂಕ ನೂರಕ್ಕೆ 7.5 ಎಂದೂ ಲೆಕ್ಕದ ಸೌಲಭ್ಯಕ್ಕಾಗಿ ಇಟ್ಟುಕೊಳ್ಳೋಣ. ಮೂಲ ಸುಂಕ 75,000. ಆ ಸುಂಕದ ಮೇಲೆ ನೂರಕ್ಕೆ ಹತ್ತರಂತೆ ಸಮಾಜ ಕಲ್ಯಾಣದ ಮೇಲ್ತೆರಿಗೆ 7,500. ಇವೆರಡನ್ನೂ ಕೂಡಿಸಿದ 10,82,500ರ ಮೇಲೆ ನೂರಕ್ಕೆ 18ರಂತೆ ಸಮಗ್ರ ಸರಕು ಮತ್ತು ಸೇವಾ ತೆರಿಗೆ 1,94,850. ಒಟ್ಟು 2,77,350 ರೂಪಾಯಿ. ಕಡೆಯ ಬಾಬನ್ನು ನೋಂದಾಯಿತ ವರ್ತಕನು ತನ್ನ ಮಾರಾಟದ ತೆರಿಗೆಯಲ್ಲಿ ಸಾಮಾನ್ಯವಾಗಿ ವಜಾ ಹಾಕಿಕೊಳ್ಳಬಹುದು. ಮೊದಲಿನೆರಡು ಹೋದದ್ದು ಹೋದಂತೆಯೇ. ಆದರೆ ಜಪಾನಿನೊಡನೆ ನಮ್ಮ ದೇಶದ ಒಪ್ಪಂದವೊಂದು 2011ರ ಆಗಸ್ಟಿನಿಂದ ಜಾರಿಯಲ್ಲಿದೆ. ಯಂತ್ರವು ಆ ಪಟ್ಟಿಯಲ್ಲಿದ್ದು, ಅದು ನಿಜವಾಗಿ ಜಪಾನಿನಲ್ಲಿಯೇ ತಯಾರಾದದ್ದೆಂಬ ಮೂಲಪತ್ರ ಕೈಯಲ್ಲಿದ್ದರೆ ಮೂಲ ಸುಂಕವೂ ಅದನ್ನು ಹಿಡಿದ ಮೇಲ್ತೆರಿಗೆಯೂ ಇಳಿಯುವುವು, ಕೆಲವು ಸರಕಿಗೆ ಪೂರ್ತಿಯಾಗಿ ಹೋಗುವುವು. ಒಂದು ಹಾಳೆ ಕಾಗದಕ್ಕೆ ಇಷ್ಟು ಬೆಲೆ! 2020ರಿಂದೀಚೆಗೆ ಆ ಹಾಳೆಯೊಂದೇ ಸಾಲದು. ಅದರಲ್ಲಿ ಬರೆದದ್ದು ಹೇಗೆ ಸರಿಯೆಂಬ ವಿವರವನ್ನು ಆಮದುದಾರನೂ ತಿಳಿದಿಟ್ಟುಕೊಂಡಿರಬೇಕೆಂದು ನಿಯಮವಾಗಿದೆ.

ದರ ಯಾವ ದಿನದ್ದು? ಬಿಲ್ಲು ಸಲ್ಲಿಸಿದ ದಿನದ್ದು. ಹಡಗು ಬರುವ ಮುನ್ನವೇ ಸಲ್ಲಿಸಿದ್ದರೆ, ಹಡಗಿಗೆ ಒಳಪ್ರವೇಶ ಸಿಕ್ಕಿದ ದಿನದ್ದು. ಇಷ್ಟು ಸ್ಪಷ್ಟವಾದ ವಿಧಿಯಲ್ಲಿಯೂ ಸಂದೇಹ ಹುಟ್ಟೀತೇ ಎಂದು ಕೇಳಬಹುದು. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ನಡೆದ ದಾಳಿಯ ಎರಡು ದಿನಗಳ ತರುವಾಯ, ಪಾಕಿಸ್ತಾನದ ಸರಕುಗಳೆಲ್ಲಕ್ಕೂ ನೂರಕ್ಕೆ 200ರಂತೆ ಸುಂಕವನ್ನು ಸರ್ಕಾರ ವಿಧಿಸಿತು. ಪ್ರಕಟಣೆ ಗಣಕಯಂತ್ರಕ್ಕೆ ಏರಿದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಆದರೆ ಅದೇ ದಿನ ಅದಕ್ಕೆ ಮುಂಚೆಯೇ ಅಟ್ಟಾರಿಯ ಗಡಿಕಟ್ಟೆಯಲ್ಲಿ ಸರಕು ತಂದು ಬಿಲ್ಲು ಸಲ್ಲಿಸಿದ ವರ್ತಕರಿದ್ದರು. ದಿನವೆಂದರೆ ಇಡೀ ದಿನ, ಆದುದರಿಂದ ಹೊಸ ದರವೇ ಸಲ್ಲತಕ್ಕದ್ದೆಂದು ಸುಂಕದವರು ವಾದಿಸಿದರು. ಅಂದರೆ, ಮಧ್ಯಾಹ್ನ ಒಂದು ದರದಲ್ಲಿ ಲೆಕ್ಕ ಮುಗಿಸಿದವನು ರಾತ್ರಿ ಸರಕಿನ ಬೆಲೆಗೆ ಇಮ್ಮಡಿಯಾದ ಸುಂಕವನ್ನು ತೆರಬೇಕಾಗಿತ್ತು. ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ ವರ್ತಕರ ಪಕ್ಷವನ್ನು ಎತ್ತಿಹಿಡಿಯಿತು. 2020ರ ಸೆಪ್ಟೆಂಬರ್ 23ರಂದು ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಸ್ಥಿರಪಡಿಸಿತು: ಬಿಲ್ಲೂ ಪ್ರಕಟಣೆಯೂ ಗಣಕಯಂತ್ರದಲ್ಲಿ ಸೆಕೆಂಡು ಸಹಿತ ದಾಖಲಾಗುವ ಈ ಕಾಲದಲ್ಲಿ, ರಾತ್ರಿ ಹುಟ್ಟಿದ ಆಜ್ಞೆ ಹಗಲಿನ ಬಿಲ್ಲನ್ನು ಮುಟ್ಟಲಾರದು. ಮುಹೂರ್ತ ನೋಡಿ ಕೆಲಸ ಮಾಡುವವರನ್ನು ಹಾಸ್ಯಮಾಡುವ ನಮ್ಮ ವಿದ್ಯಾವಂತರು ಈ ತೀರ್ಪನ್ನು ಒಮ್ಮೆ ಓದಬಹುದು.

2011ರಿಂದ ಸುಂಕದ ಲೆಕ್ಕವನ್ನು ಆಮದುದಾರನೇ ಹಾಕಿ ಒಪ್ಪಿಸುವ ಪದ್ಧತಿ ಬಂದಿದೆ. ಯಾವ ಬಿಲ್ಲನ್ನು ಅಧಿಕಾರಿ ಕಣ್ಣಿಟ್ಟು ನೋಡಬೇಕು, ಯಾವ ಪೆಟ್ಟಿಗೆಯನ್ನು ಬಿಚ್ಚಬೇಕು ಎಂಬುದನ್ನು ಗಣಕಯಂತ್ರವೇ ಆರಿಸುತ್ತದೆ. ಉಳಿದವು ಪೆಟ್ಟಿಗೆ ಬಿಚ್ಚದೆಯೇ ಸಾಗುತ್ತವೆ. ಈ ಸ್ವಾತಂತ್ರ್ಯಕ್ಕೆ ಒಂದು ಕೊಕ್ಕೆಯಿದೆ. ತಾನೇ ಹಾಕಿದ ಲೆಕ್ಕದಲ್ಲಿ ಹೆಚ್ಚು ಸುಂಕ ಕಟ್ಟಿದವನು ನೇರವಾಗಿ ಹಣ ಮರಳಿ ಕೇಳುವ ಹಾಗಿಲ್ಲ. ಆ ಲೆಕ್ಕವೂ ಒಂದು ಆಜ್ಞೆಯೇ, ಮೊದಲು ಅದನ್ನು ಕಾನೂನಿನ ಮಾರ್ಗದಲ್ಲಿ ತಿದ್ದಿಸಿಕೊಂಡು ಬರಬೇಕೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಧಿಕಾರಿಯು ಲೆಕ್ಕವನ್ನು ಬದಲಿಸಿ, ಆಮದುದಾರನು ಅದನ್ನು ಬರವಣಿಗೆಯಲ್ಲಿ ಒಪ್ಪದಿದ್ದರೆ, ಹದಿನೈದು ದಿನಗಳೊಳಗೆ ಕಾರಣಸಹಿತವಾದ ಆಜ್ಞೆಯನ್ನು ಪಡೆಯುವ ಹಕ್ಕು ಅವನಿಗಿದೆ. ವಿವಾದ ತೀರುವ ತನಕ ಯಂತ್ರ ಬಿಸಿಲಲ್ಲಿ ಕುಳಿತಿರಬೇಕಾಗಿಲ್ಲ. ಮುಚ್ಚಳಿಕೆ ಬರೆದುಕೊಟ್ಟು ತಾತ್ಕಾಲಿಕ ಲೆಕ್ಕದ ಮೇಲೆ ಬಿಡಿಸಿಕೊಳ್ಳಲು ಕಾಯಿದೆಯಲ್ಲಿ ಅವಕಾಶವುಂಟು. ಕೇಳಿದರೆ ಮಾತ್ರ ದೊರೆಯುವ ಅನುಕೂಲವಿದು.

ತಡವಾದರೆ ಏನಾಗುವುದು? ಸಾಮಾನ್ಯವಾಗಿ ಹಡಗು ಬರುವ ದಿನದ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ಲು ಸಲ್ಲಬೇಕು. ಸಲ್ಲದಿದ್ದರೆ ಮೊದಲ ಮೂರು ದಿನಕ್ಕೆ ದಿನವೊಂದಕ್ಕೆ 5,000, ಆಮೇಲೆ 10,000 ರೂಪಾಯಿ ಶುಲ್ಕ. ಇದರ ಜೊತೆಗೆ ಬಂದರಿನ ನೆಲಬಾಡಿಗೆ, ಹಡಗಿನವರ ಕಂಟೇನರು ಬಾಡಿಗೆ. ಸಣ್ಣ ವರ್ತಕನನ್ನು ಹಣ್ಣು ಮಾಡುವುದು ಬಹುಕಾಲ ಸುಂಕವಲ್ಲ, ಈ ಬಾಡಿಗೆಗಳು. ಇಳಿದ ಮೂವತ್ತು ದಿನಗಳಲ್ಲಿ ಬಿಡಿಸದ ಸರಕನ್ನು ನೋಟೀಸು ಕೊಟ್ಟು ಮಾರಿಬಿಡಬಹುದು. ಬಿಡುಗಡೆಯೂ ಇಲ್ಲದೆ ವಿಲೇವಾರಿಯೂ ಇಲ್ಲದೆ ಉಳಿದ ಸರಕಿನ ಘೋರವನ್ನು ಜಗತ್ತು 2020ರ ಆಗಸ್ಟ್ 4ರಂದು ಬೇರೂತಿನಲ್ಲಿ ಕಂಡಿತು. ವರ್ಷಗಟ್ಟಲೆ ಬಂದರಿನ ಮಳಿಗೆಯಲ್ಲಿ ಬಿದ್ದಿದ್ದ ಅಮೋನಿಯಂ ನೈಟ್ರೇಟ್ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗಲೇ ಚೆನ್ನೈಯ ಬಳಿ 2015ರಲ್ಲಿ ವಶಪಡಿಸಿಕೊಂಡ ಅದೇ ವಸ್ತು ಸುಮಾರು 700 ಟನ್ನು ಇನ್ನೂ ಉಳಿದಿದೆಯೆಂಬುದು ಎಲ್ಲರ ಗಮನಕ್ಕೆ ಬಂದು, ಅದನ್ನು ಬೇಗ ಬೇಗನೆ ಸಾಗಿಸಲಾಯಿತು.

ಮೇಲೆ ಹೇಳಿದ ಗಾದೆಯ ವಿಚಾರ ಇನ್ನೊಂದಿದೆ. ಸುಂಕದವನು ದುಃಖವನ್ನು ಕೇಳುವುದೇ ಇಲ್ಲವೆನ್ನುವುದು ಪೂರ್ತಿ ನಿಜವಲ್ಲ. ಬಾಯಿಮಾತಿನ ದುಃಖವನ್ನು ಕೇಳನು, ಬರವಣಿಗೆಯ ದುಃಖವನ್ನು ಕೇಳುವನು. ಕೌಟಿಲ್ಯನೂ ವಿವಾಹ, ಯಜ್ಞ, ಹೆರಿಗೆ ಮೊದಲಾದುವುಗಳಿಗೆಂದು ತಂದ ಪದಾರ್ಥಗಳನ್ನು ಸುಂಕವಿಲ್ಲದೆ ಬಿಡಬೇಕೆಂದಿದ್ದಾನೆ. ನಮ್ಮ ಕಾಲದಲ್ಲಿ, 2021ರ ರಾಷ್ಟ್ರೀಯ ನೀತಿಯಲ್ಲಿ ಹೆಸರಿಸಿದ ವಿರಳ ರೋಗಗಳ ಚಿಕಿತ್ಸೆಗಾಗಿ ಒಬ್ಬ ವ್ಯಕ್ತಿ ಸ್ವಂತಕ್ಕೆ ತರಿಸುವ ಔಷಧಗಳಿಗೂ ವಿಶೇಷ ಆಹಾರಗಳಿಗೂ 2023ರ ಏಪ್ರಿಲ್ 1ರಿಂದ ಮೂಲ ಸುಂಕವನ್ನು ಪೂರ್ಣವಾಗಿ ಬಿಡಲಾಯಿತು. ಒಂದು ಮಗುವಿನ ಒಂದು ವರ್ಷದ ಔಷಧಕ್ಕೆ ಲಕ್ಷಾಂತರ ರೂಪಾಯಿ ತಗಲುವಾಗ ನೂರಕ್ಕೆ ಹತ್ತರ ಸುಂಕವೆಂಬುದು ಒಂದು ಮನೆಯನ್ನೇ ಅಲ್ಲಾಡಿಸುವ ಮೊತ್ತ.

ಆದರೆ ಈ ವಿನಾಯಿತಿ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಕೇಂದ್ರದ ಅಥವಾ ರಾಜ್ಯದ ಆರೋಗ್ಯಸೇವೆಗಳ ನಿರ್ದೇಶಕರಿಂದ, ಇಲ್ಲವೆ ಜಿಲ್ಲೆಯ ವೈದ್ಯಾಧಿಕಾರಿಯಿಂದ ಪ್ರಮಾಣಪತ್ರವನ್ನು ತರಬೇಕು. ಔಷಧವನ್ನು ಸ್ವಂತ ಬಳಕೆಗೆ ತರಿಸಲು ಔಷಧ ನಿಯಂತ್ರಣಾಧಿಕಾರಿಗಳ ಪರವಾನೆ ಬೇಕಾದಲ್ಲಿ, 12-ಎ ನಮೂನೆಯಲ್ಲಿ ಅರ್ಜಿ ಕೊಟ್ಟು 12-ಬಿ ನಮೂನೆಯ ಅನುಮತಿಯನ್ನು ಪಡೆಯಬೇಕು. ವಿನಾಯಿತಿಯ ಪ್ರಕಟಣೆಯ ಸಂಖ್ಯೆಯನ್ನು ಬಿಲ್ಲಿನಲ್ಲಿ ಅದರ ಅಂಕಣದಲ್ಲಿಯೇ ಬರೆಸಬೇಕು; ಬರೆಯದಿದ್ದರೆ ಪೂರ್ಣ ಸುಂಕ ಬೀಳುವುದು. ಇಂಥ ಔಷಧಗಳಲ್ಲಿ ಅನೇಕವು ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿಯೇ ಇರಬೇಕಾದವು. ವಿಮಾನ ನಿಲ್ದಾಣದ ಮಳಿಗೆಯಲ್ಲಿ ಒಂದು ಪತ್ರಕ್ಕಾಗಿ ಕಾಯುತ್ತ ಕೂಡಲಾರವು. ವಿಮಾನ ಬರುವ ನಿರೀಕ್ಷೆಯ ದಿನಕ್ಕೆ ಮೂವತ್ತು ದಿನ ಮುಂಚಿತವಾಗಿಯೇ ಬಿಲ್ಲನ್ನು ಸಲ್ಲಿಸಲು ಕಾಯಿದೆ ಒಪ್ಪುತ್ತದೆ. ಆದುದರಿಂದ ಅಂಥ ಮನೆಯವರು ಔಷಧಕ್ಕೆ ಹಣ ಕಟ್ಟುವ ದಿನವೇ ಪ್ರಮಾಣಪತ್ರಕ್ಕೂ ಪರವಾನೆಗೂ ಅರ್ಜಿ ಹಾಕಿ, ಅವು ಕೈಗೆ ಬಂದೊಡನೆ ಬಿಲ್ಲನ್ನು ಸಲ್ಲಿಸಿಬಿಡಬೇಕು.