ಬಣ್ಣ ಕಾಣದ ಚಿತ್ರಕಾರನ ಕಬ್ಬಿಣದ ನೇಗಿಲು

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಿಂದ ಜಾಂಬೋಟಿಯ ದಾರಿ ಕವಲೊಡೆಯುವ ಪೀರನವಾಡಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗಲೆಲ್ಲ, ಗಾಳಿಗೆ ಹರಿದು ಪಟಪಟಿಸುವ ಫ್ಲೆಕ್ಸುಗಳನ್ನು ಓದುವುದು, ಅಕ್ಷರ ಬರೆದೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ತಪ್ಪದ ಶಿಕ್ಷೆ. ಮೊನ್ನೆ ಒಂದು ಹುಟ್ಟುಹಬ್ಬದ ಫಲಕದಲ್ಲಿ ಇಪ್ಪತ್ಮೂರು ಮುಖಗಳನ್ನೆಣಿಸಿದೆ; ಹುಟ್ಟಿದವರಾರೆಂಬುದು ಮಾತ್ರ ತಿಳಿಯಲಿಲ್ಲ. ನಾಮರೂಪಗಳ ಬೆಲೆಯನ್ನರಿಯದ ಊರು ಇದೆಂದು ಹೇಳುವಂತಿಲ್ಲ. 2020ರ ಆಗಸ್ಟಿನಲ್ಲಿ ಇಲ್ಲಿ ಎದ್ದ ಪ್ರತಿಮೆಯ ವಿವಾದವು, ಪ್ರತಿಮೆ ಸಂಗೊಳ್ಳಿ ರಾಯಣ್ಣನದು, ವೃತ್ತದ ಹೆಸರು ಶಿವಾಜಿ ಮಹಾರಾಜರದು ಎಂಬ ಒಪ್ಪಂದದಿಂದ ಶಮನಗೊಂಡಿತೆಂಬುದನ್ನು ನಾಡೆಲ್ಲ ಓದಿದೆ.

ನಾನು ಹೇಳಹೊರಟಿರುವುದು ಬೇರೆಯೊಂದು ಹೆಸರಿನ ಕಥೆ. ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯವರು ತಮ್ಮ ಎರಕದ ಸಾಮಾನಿನ ಮೇಲೆ ಕನ್ನಡದಲ್ಲಿಯೇ ಹೆಸರು ಮೂಡಬೇಕೆಂದು ಅಪೇಕ್ಷಿಸಿದಾಗ, ನಾನು ಬಳುಕುವ ಬಾಲಗಳುಳ್ಳ ತೆಳ್ಳನೆಯ ಅಕ್ಷರಗಳನ್ನು ಬರೆದೊಯ್ದೆನು. ಪ್ಯಾಟರ್ನ್ ಎಂದು ಅವರು ಕರೆಯುವ ಮರದ ಪಡಿಯಚ್ಚನ್ನು ಕೆತ್ತುವ ಮುದುಕ ಮಿಸ್ತ್ರಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, “ಸಾಹೇಬ್ರ, ಅಕ್ಷರ ಚಂದ ಅದಾವ ಖರೇ, ಆದ್ರ ಈ ಒತ್ತಕ್ಷರದ ಬಾಲ ಉಸುಕಿನ್ಯಾಗ ನಿಂದ್ರೂದಿಲ್ರಿ” ಎಂದನು. “ಹಂಗಾದ್ರ ಏನ್ ಮಾಡೂಣ್ರಿ, ಕಾಕಾ?” ಎಂದೆ. “ದಪ್ಪ ಮಾಡ್ರಿ. ಮೈ ಇಳಿಜಾರ ಇರ್ಲಿ.”

ಪಡಿಯಚ್ಚನ್ನು ಉಸುಕಿನಲ್ಲಿ ಒತ್ತಿ ಮೇಲಕ್ಕೆತ್ತುವಾಗ ಅಕ್ಷರದ ಗೋಡೆ ನೆಟ್ಟಗಿದ್ದರೆ ಉಸುಕು ಅದನ್ನು ಹಿಡಿದು ಕುಸಿಯುತ್ತದೆ. ಬುಡ ಅಗಲವಾಗಿ ತಲೆ ಕಿರಿದಾಗಿ, ಮೂಲೆಗಳು ದುಂಡಗಾಗಿದ್ದರೆ ಮಾತ್ರ ಅಚ್ಚು ಬಿಡಿಸಿಕೊಂಡು ಬರುತ್ತದೆ. ಮುದ್ರಣದ ಮೊಳೆಯಂತೆ ಇಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತುವ ಕಾರಣವೂ ಇಲ್ಲ. ಉಸುಕಿನಲ್ಲಿ ತಿರುಗಿದ್ದು ಕಬ್ಬಿಣದಲ್ಲಿ ಮತ್ತೆ ನೇರವಾಗುತ್ತದೆ. ಯಾವ ಕಲಾಶಾಲೆಯೂ ನನಗೆ ಕಲಿಸದಿದ್ದ ಈ ಪಾಠವನ್ನು ಮುಗಿಸಿ, ಕಾಕಾ ತನ್ನ ಅಜ್ಜನ ದನದ ಕೊಟ್ಟಿಗೆಯಲ್ಲಿದ್ದ ಕಬ್ಬಿಣದ ರಂಟೆಯೊಂದನ್ನು, ಅಂದರೆ ನೇಗಿಲೊಂದನ್ನು, ನೆನೆದನು. ಕತ್ತಲಲ್ಲಿ ಬೆರಳಾಡಿಸಿದರೂ ಅದರ ಹೆಸರು ಓದಬಹುದಿತ್ತಂತೆ. ಮನೆಯಲ್ಲಿ ಅದನ್ನು ರಂಟೆಯೆಂದೇ ಅನ್ನುತ್ತಿರಲಿಲ್ಲ, ‘ಕಿರ್ಲೋಸ್ಕರ’ ಎನ್ನುತ್ತಿದ್ದರಂತೆ.

ಆ ಹೆಸರಿನ ಬೆನ್ನುಹತ್ತಿ ಹೋದವನಿಗೆ ಸಿಕ್ಕಿದ್ದು ಒಂದು ವಿಚಿತ್ರ ಸಂಗತಿ. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಯಂತ್ರಕಾರರಾಗಬೇಕೆಂದು ಹೊರಟವರಲ್ಲ. ಚಿತ್ರಕಾರರಾಗಬೇಕೆಂದು 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದವರು. ಎರಡು ವರ್ಷಗಳ ತರುವಾಯ, ತಮ್ಮ ಕಣ್ಣಿಗೆ ಕೆಲವು ವರ್ಣಗಳ ಭೇದವೇ ಗೋಚರಿಸದೆಂಬುದು ತಿಳಿದುಬಂದಾಗ, ಕುಂಚವನ್ನು ಕೆಳಗಿಟ್ಟು, ಬಣ್ಣದ ಹಂಗಿಲ್ಲದ ಯಂತ್ರರೇಖನವನ್ನು ಕೈಗೆತ್ತಿಕೊಂಡರು. ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ಮುಂಬಯಿಯಿಂದ ಅವರು ಕಳಿಸಿದ ಸೈಕಲ್ಲುಗಳನ್ನು ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣ ಮಾರುತ್ತಿದ್ದರು. ಓಡಿಸಲು ಕಲಿಸುವುದಕ್ಕೆ 15 ರೂಪಾಯಿ ಪ್ರತ್ಯೇಕವೆಂದು ಹೇಳುತ್ತಾರೆ. ವಸ್ತುವಿಗಿಂತ ಮೊದಲು ಅದರ ಬಳಕೆಯನ್ನು ಮಾರಬೇಕೆಂಬ ಜಾಹೀರಾತಿನ ಪ್ರಥಮಸೂತ್ರವನ್ನು ಇದಕ್ಕಿಂತ ಸರಳವಾಗಿ ನಾನೆಲ್ಲಿಯೂ ಕಂಡಿಲ್ಲ.

ನೌಕರಿ ಬಿಟ್ಟು ಬೆಳಗಾವಿಗೆ ಬಂದ ಮೇಲೆ ಮೇವು ಕತ್ತರಿಸುವ ಯಂತ್ರ, ಅನಂತರ ಕಬ್ಬಿಣದ ನೇಗಿಲು. ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದ್ದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷಗಳೇ ಬೇಕಾದುವು. ಇಂದಿನ ನನ್ನ ಗಿರಾಕಿಗಳು, ಲಾಂಛನ ಬರೆದುಕೊಟ್ಟ ಎರಡೇ ವಾರಕ್ಕೆ, “ಏನೂ ಫರಕ್ ಕಾಣವಲ್ದಲ್ರಿ” ಎಂದು ಫೋನು ಮಾಡುತ್ತಾರೆ.

ಬಳಿಕ ನಡೆದುದನ್ನು ಬರೆಯುವಾಗ ಬೆಳಗಾವಿಯವನಾದ ನನಗೆ ಈಗಲೂ ಸಂಕಟವಾಗುತ್ತದೆ. ಹೊಸ ಬಡಾವಣೆಗಾಗಿ ಅವರ ಕಾರ್ಖಾನೆಯ ಜಾಗವನ್ನು ತೆರವುಮಾಡಬೇಕೆಂದು ನಗರಸಭೆಯು ಹೇಳಿತು. ಸ್ವತಃ ಚಿತ್ರಕಾರರಾಗಿದ್ದ ಔಂಧ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿಗಳು, ಬಣ್ಣ ಕಾಣದ ಈ ಇನ್ನೊಬ್ಬ ಚಿತ್ರಕಾರನಿಗೆ 10,000 ರೂಪಾಯಿ ಸಾಲವನ್ನೂ ಕುಂಡಲ ರೋಡ್ ನಿಲ್ದಾಣದ ಹತ್ತಿರ ಪಾಪಾಸುಕಳ್ಳಿ ಬೆಳೆದ 32 ಎಕರೆ ಬರಡು ನೆಲವನ್ನೂ ಕೊಟ್ಟರು. 1910ರಲ್ಲಿ ಗಂಟುಮೂಟೆ ಅಲ್ಲಿಗೆ ಹೋಯಿತು, ಕಿರ್ಲೋಸ್ಕರವಾಡಿ ಹುಟ್ಟಿತು, ಬೆಳಗಾವಿಗೆ ಒಂದು ರಸ್ತೆಯ ಹೆಸರು ಉಳಿಯಿತು.

ಹೆಸರು ಅಕ್ಷರಗಳಲ್ಲಿ ಬೆಳೆದುದು ಆ ವಾಡಿಯಲ್ಲಿಯೇ. ಲಕ್ಷ್ಮಣರಾವ್ ಅವರ ಸೋದರನ ಮಗ, ಚಿತ್ರಕಲೆಯನ್ನಭ್ಯಸಿಸಿದ್ದ ಶಂಕರರಾಯರು ಸರಕಿನ ಪ್ರಚಾರಕ್ಕೆಂದು 1920ರಲ್ಲಿ ‘ಕಿರ್ಲೋಸ್ಕರ ಖಬರ’ ಎಂಬ ಪತ್ರಿಕೆಯನ್ನಾರಂಭಿಸಿದರು. ‘ಖಬರ’ ಪರಭಾಷೆಯ ಶಬ್ದವೆಂದು ಸಾವರಕರರು ಆಕ್ಷೇಪಿಸಲಾಗಿ ಮುಂದೆ ಅದನ್ನು ಕೈಬಿಟ್ಟು ಬರಿಯ ‘ಕಿರ್ಲೋಸ್ಕರ’ವಾಗಿಸಿದರು. ಭಾಷಾಶುದ್ಧಿಯ ವಾದವು ಒಪ್ಪತಕ್ಕದ್ದೋ ಅಲ್ಲವೋ, ಹೆಸರಂತೂ ಚಿಕ್ಕದಾಗಿ ಚೊಕ್ಕವಾಯಿತು! ನೇಗಿಲು ಮಾರಲು ಹುಟ್ಟಿದ ಪತ್ರಿಕೆಯು ಕೆಲವೇ ವರ್ಷಗಳಲ್ಲಿ ಮರಾಠಿ ಓದುಗರ ಮನೆಮಾತಾಗಿ, 1930ರಲ್ಲಿ ‘ಸ್ತ್ರೀ’ ಎಂಬ ತಂಗಿಯನ್ನೂ ಪಡೆಯಿತು. ಕನ್ನಡನಾಡಿಗೆ ಈ ಹೆಸರು ಮರಳಿ ಬಂದುದು ಹರಿಹರದ ಯಂತ್ರೋಪಕರಣಗಳ ಕಾರ್ಖಾನೆಯಲ್ಲಿ; ಅದೂ ಈಗ ಮುಚ್ಚಿಹೋಗಿದೆ.

ಫ್ಲೆಕ್ಸಿಗೆ ಉಸುಕಿನ ಅಂಕುಶವಿಲ್ಲ. ಎಷ್ಟು ಬಣ್ಣ, ಎಷ್ಟು ಮುಖ, ಎಷ್ಟು ಬಾಲ ಬೇಕಾದರೂ ಒಂದೇ ಗಂಟೆಯಲ್ಲಿ ಮುದ್ರಿಸಿ ಕೊಡುತ್ತಾರೆ. ಪೀರನವಾಡಿಯ ಆ ಇಪ್ಪತ್ಮೂರು ಮುಖಗಳು ನಿನ್ನೆಯ ಮಳೆಗೆ ಕಳಚಿಬಿದ್ದು, ಕೂಡುರಸ್ತೆಯ ಚಹಾದಂಗಡಿಯ ಸೌದೆಯ ಮೇಲೆ ಹೊದಿಕೆಯಾಗಿವೆ.

ಕಾಕಾನ ಅಜ್ಜನ ರಂಟೆ ಕಿಲೋದ ಲೆಕ್ಕದಲ್ಲಿ ಗುಜರಿಗೆ ಹೋಗಿ ಬಹಳ ಕಾಲವಾಯಿತು. ಖಾನಾಪುರದ ಕಡೆಯಾಗಲಿ, ಬೈಲಹೊಂಗಲ-ಸವದತ್ತಿಯ ಎರೆಭೂಮಿಯಲ್ಲಾಗಲಿ, ಯಾರ ಕೊಟ್ಟಿಗೆಯಲ್ಲಾದರೂ ಹೆಸರು ಮೂಡಿದ ಹಳೆಯ ನೇಗಿಲಿದ್ದರೆ, ತೂಕಕ್ಕೆ ಹಾಕುವ ಮುನ್ನ ತುಕ್ಕನ್ನು ಮೆಲ್ಲಗೆ ಒರೆಸಿ, ಆ ಅಕ್ಷರಗಳ ಮೇಲೆ ತೆಳುಕಾಗದವನ್ನಿಟ್ಟು ಸೀಸದಕಡ್ಡಿಯನ್ನು ಅಡ್ಡಲಾಗಿ ತಿಕ್ಕಿ ಒಂದು ಪ್ರತಿ ತೆಗೆದಿಡಬೇಕೆಂದು ವಿನಂತಿಸುತ್ತೇನೆ. ಐದು ನಿಮಿಷದ ಕೆಲಸ.